ಬ್ರೆಕ್ಸಿಟ್ ನಂತರ ಡಾಟ್ ಇಯು ಡೊಮೇನ್ ಉಳಿಸಿಕೊಳ್ಳುವುದು: ಒಂದು ಪ್ರಕರಣ ಅಧ್ಯಯನ

2020ರ ಡಿಸೆಂಬರ್ 31ಕ್ಕೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರುವ ಬ್ರೆಕ್ಸಿಟ್‌ನ ಸಂಕ್ರಮಣ ಅವಧಿ ಮುಗಿಯಿತು. ಮರುದಿನ 80 ಸಾವಿರದಷ್ಟು ಡಾಟ್ ಇಯು ಡೊಮೇನ್‌ಗಳು, ಅಂದರೆ .eu ಎಂದು ಕೊನೆಗೊಳ್ಳುವ ಅಂತರ್ಜಾಲ ವಿಳಾಸಗಳು, ಅಮಾನತಾದವು. ಶುಲ್ಕ ಬಾಕಿ ಇತ್ತೆಂದಲ್ಲ, ಟ್ರೇಡ್‌ಮಾರ್ಕ್ ತಕರಾರು ಬಂತೆಂದೂ ಅಲ್ಲ. ನೋಂದಣಿದಾರರ ವಿಳಾಸದಲ್ಲಿದ್ದ ದೇಶ ಐರೋಪ್ಯ ಒಕ್ಕೂಟದ ಪಟ್ಟಿಯಿಂದ ಹೊರಬಿತ್ತು, ಅಷ್ಟೇ ಕಾರಣ. ಕೆಲವು ಹೆಸರುಗಳು ಸುಮಾರು ಹದಿನೈದು ವರ್ಷ ಹಳೆಯವು. ಅವುಗಳ ಮೇಲೆ ಅಂಗಡಿ, ಇಮೇಲ್ ಅಂಚೆ, ಗ್ರಾಹಕರ ಖಾತೆ ಎಲ್ಲವೂ ನಿಂತಿದ್ದವು.

ಇಲ್ಲಿ ತೆಗೆದುಕೊಂಡಿರುವುದು ಒಂದು ಮಾದರಿ ಕಂಪನಿ. ಅಂದು ಬಹಳಷ್ಟು ಬ್ರಿಟಿಷ್ ಸಂಸ್ಥೆಗಳು ಸಿಕ್ಕಿಕೊಂಡ ಸ್ಥಿತಿಯನ್ನೇ ಒಂದೆಡೆ ಸೇರಿಸಿ ಇದನ್ನು ಕಟ್ಟಿದೆ. ನಿಯಮ, ದಿನಾಂಕ, ತೀರ್ಪುಗಳು ಮಾತ್ರ ನಿಜವಾದವು. ಕಂಪನಿ ಲೀಡ್ಸ್‌ನಲ್ಲಿದೆ. ಹೈಡ್ರಾಲಿಕ್ ಪಂಪುಗಳ ಸೀಲು, ಬಿಡಿಭಾಗ ಮಾರುತ್ತದೆ. ಗ್ರಾಹಕರು ಹೆಚ್ಚಾಗಿ ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿಯವರು. 2006ರ ಏಪ್ರಿಲ್ 7ರಂದು ಡಾಟ್ ಇಯು ಎಲ್ಲ ಅರ್ಹರಿಗೂ ತೆರೆದಾಗಲೇ ಹೆಸರು ಕೊಂಡಿತ್ತು. ವೆಬ್‌ಸೈಟ್ ಮತ್ತು ಹನ್ನೊಂದು ಇಮೇಲ್ ಪೆಟ್ಟಿಗೆಗಳು ಅದರಲ್ಲೇ ಇವೆ. ನಿರ್ದೇಶಕರು ಇಬ್ಬರು: ಒಬ್ಬರು ಬ್ರಿಟಿಷ್ ಪ್ರಜೆ, ಇನ್ನೊಬ್ಬರು ಲೀಡ್ಸ್‌ನಲ್ಲೇ ನೆಲೆಸಿದ ಐರ್ಲೆಂಡ್ ಪ್ರಜೆ. ಈ ಎರಡನೆಯವರ ಪಾಸ್‌ಪೋರ್ಟೇ ಕೊನೆಗೆ ದಾರಿಯಾಗುತ್ತದೆ, ಆದರೆ ಸುಲಭವಾಗಿ ಅಲ್ಲ.

ನಿಯಮ ಏನು ಹೇಳುತ್ತದೆ

ಡಾಟ್ ಇಯು ಹೆಸರುಗಳ ಮೂಲ ದಾಖಲೆ ಇಡುವ ಸಂಸ್ಥೆ, ಅಂದರೆ ರಿಜಿಸ್ಟ್ರಿ, ಯೂರಿಡ್; ಅದು ಬೆಲ್ಜಿಯಂನಲ್ಲಿದೆ. ಅರ್ಹತೆ ನಿರ್ಧರಿಸುವುದು ಅದಲ್ಲ, ಐರೋಪ್ಯ ಒಕ್ಕೂಟದ ಕಾನೂನು. ಮೊದಲಿದ್ದ 2002ರ 733ನೇ ರೆಗ್ಯುಲೇಷನ್ ಪ್ರಕಾರ ಕಂಪನಿಯಾದರೆ ಅದರ ನೋಂದಾಯಿತ ಕಚೇರಿ, ಕೇಂದ್ರ ಆಡಳಿತ ಅಥವಾ ಮುಖ್ಯ ವ್ಯವಹಾರ ಸ್ಥಳ ಒಕ್ಕೂಟದ ಒಳಗಿರಬೇಕಿತ್ತು. ವ್ಯಕ್ತಿಯಾದರೆ ಅಲ್ಲಿ ವಾಸವಿರಬೇಕಿತ್ತು. ಅಂದರೆ ಪೌರತ್ವಕ್ಕೆ ಬೆಲೆ ಇರಲಿಲ್ಲ. ಲಂಡನ್ನಿನಲ್ಲಿ ಕೂತ ಫ್ರೆಂಚ್ ಪ್ರಜೆಗೆ ಬ್ರೆಕ್ಸಿಟ್ ನಂತರ ಹಕ್ಕು ಉಳಿಯುತ್ತಿರಲಿಲ್ಲ. 2019ರ 517ನೇ ರೆಗ್ಯುಲೇಷನ್ ಇದನ್ನು ಬದಲಿಸಿತು. ಅದು ಪೂರ್ತಿಯಾಗಿ ಜಾರಿಗೆ ಬಂದದ್ದು 2022ರ ಅಕ್ಟೋಬರ್ 13ರಂದು. ಆದರೆ ಅರ್ಹತೆಯ ಭಾಗ ಮಾತ್ರ ಬಹಳ ಮುಂಚೆಯೇ, 2019ರ ಅಕ್ಟೋಬರ್ 19ರಿಂದ ಚಾಲ್ತಿಗೆ ಬಂತು. ಅಂದಿನಿಂದ ನಾಲ್ಕು ಬಾಗಿಲುಗಳಿವೆ: ಎಲ್ಲೇ ವಾಸವಿದ್ದರೂ ಸರಿ, ಒಕ್ಕೂಟದ ಪ್ರಜೆಯಾಗಿರುವುದು; ಬೇರೆ ದೇಶದ ಪ್ರಜೆಯಾದರೂ ಸದಸ್ಯ ರಾಷ್ಟ್ರದಲ್ಲಿ ನೆಲೆಸಿರುವುದು; ಒಕ್ಕೂಟದಲ್ಲಿ ಸ್ಥಾಪಿತವಾದ ಉದ್ಯಮ; ಅಲ್ಲಿ ಸ್ಥಾಪಿತವಾದ ಸಂಘಸಂಸ್ಥೆ. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಈ ಲೆಕ್ಕಕ್ಕೆ ಒಳಗಿವೆ.

ಎರಡನೆಯ ಬಾಗಿಲಿನ ಬಗ್ಗೆ ಒಂದು ಎಚ್ಚರಿಕೆ. ಜರ್ಮನಿಯಲ್ಲಿ ಕೆಲಸಕ್ಕಿರುವ ಭಾರತೀಯ ಪ್ರಜೆ ವಾಸದ ಆಧಾರದ ಮೇಲೆ ಡಾಟ್ ಇಯು ಕೊಳ್ಳಬಹುದು. ಕೆಲಸ ಬಿಟ್ಟು ಭಾರತಕ್ಕೆ ಮರಳಿದ ದಿನ ಆ ಆಧಾರ ಹೋಗುತ್ತದೆ. ವಿಳಾಸ ಬದಲಾದರೆ ತಿಳಿಸುವ ಹೊಣೆ ನೋಂದಣಿದಾರರದ್ದೇ. ಹೆಸರು ಕೊಳ್ಳುವ ಕ್ಷಣದಲ್ಲಿ ಅರ್ಹರಾಗಿದ್ದರೆ ಸಾಕೆಂಬ ತಿಳಿವಳಿಕೆ ತಪ್ಪು. ಹೆಸರು ಕೈಯಲ್ಲಿರುವಷ್ಟು ದಿನವೂ ಅರ್ಹತೆ ಇರಬೇಕು. ಇಲ್ಲವಾದರೆ ರದ್ದು ಮಾಡುವ ಅಧಿಕಾರ ರಿಜಿಸ್ಟ್ರಿಗೆ ಇದೆ, ಅದಕ್ಕೆ ಯಾರೂ ದೂರು ಕೊಡಬೇಕಿಲ್ಲ. ನವೀಕರಣ ಶುಲ್ಕ ಹತ್ತು ವರ್ಷದ್ದು ಮುಂಗಡ ಕಟ್ಟಿದ್ದರೂ ಇದು ಬದಲಾಗುವುದಿಲ್ಲ.

ಬ್ರಿಟಿಷ್ ನೋಂದಣಿದಾರರಿಗೆ ಮುನ್ಸೂಚನೆ ಇರಲಿಲ್ಲ ಎನ್ನುವಂತಿಲ್ಲ. ಯುರೋಪಿಯನ್ ಕಮಿಷನ್ ಈ ಬಗ್ಗೆ ಮೊದಲ ನೋಟಿಸ್ ಹೊರಡಿಸಿದ್ದು 2018ರ ಮಾರ್ಚ್ 28ರಂದು. 2020ರ ಅಕ್ಟೋಬರ್ 1ರಂದು ಯೂರಿಡ್ ಬ್ರಿಟನ್ ವಿಳಾಸದ ನೋಂದಣಿದಾರರಿಗೆಲ್ಲ ಇಮೇಲ್ ಕಳಿಸಿತು, ಡಿಸೆಂಬರ್ 21ರಂದು ಮತ್ತೊಂದು. ಅರ್ಹತೆ ತೋರಿಸದ ಹೆಸರು 2021ರ ಜನವರಿ 1ರಂದು ಅಮಾನತು. ತಿದ್ದಿಕೊಳ್ಳಲು ಮಾರ್ಚ್ 31ರವರೆಗೆ ಅವಕಾಶ. ಆಮೇಲೆ ಅದನ್ನು ಜೂನ್ 30ಕ್ಕೆ ವಿಸ್ತರಿಸಿದರು. ಜುಲೈ 1ರಂದು ಹಿಂತೆಗೆದುಕೊಂಡ ಸ್ಥಿತಿ, 2022ರ ಜನವರಿಯಲ್ಲಿ ಪೂರ್ತಿ ರದ್ದಾಗಿ ಯಾವ ಅರ್ಹರು ಬೇಕಾದರೂ ಕೊಳ್ಳಬಹುದಾದ ಹೆಸರು.

ನಮ್ಮ ಮಾದರಿ ಕಂಪನಿಯಲ್ಲಿ ಅಕ್ಟೋಬರ್‌ನ ನೋಟಿಸ್ ಯಾರ ಕಣ್ಣಿಗೂ ಬೀಳಲಿಲ್ಲ. ನೋಂದಣಿದಾರರ ಇಮೇಲ್ ಎಂದು ದಾಖಲಾಗಿದ್ದದ್ದು 2006ರಲ್ಲಿ ಹೆಸರು ಕೊಂಡ ನೌಕರನದ್ದು. ಆತ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದೆ. ಡಿಸೆಂಬರ್ ಕೊನೆಯಲ್ಲಿ ರಿಜಿಸ್ಟ್ರಾರ್‌ನಿಂದ (ಹೆಸರು ಮಾರಿದ ಸಂಸ್ಥೆಯಿಂದ) ಬಿಲ್ಲಿಂಗ್ ವಿಳಾಸಕ್ಕೆ ಬಂದ ಪತ್ರದಿಂದ ವಿಷಯ ತಿಳಿಯಿತು. ಉಳಿದಿದ್ದದ್ದು ಕ್ರಿಸ್‌ಮಸ್ ವಾರ ಮಾತ್ರ.

ಕೈಬಿಟ್ಟ ದಾರಿಗಳು

ಮೊದಲು ತೋಚಿದ್ದು ವ್ಯಾಟ್ ನಂಬರ್. ಸರಕು ಸಾಗಿಸುವ ಅನುಕೂಲಕ್ಕೆ ಕಂಪನಿ ನೆದರ್‌ಲ್ಯಾಂಡ್ಸ್‌ನಲ್ಲಿ ವ್ಯಾಟ್ ನೋಂದಣಿ ಮಾಡಿಸಿಕೊಂಡಿತ್ತು, ಅಲ್ಲಿನ ಒಂದು ಗೋದಾಮಿನಲ್ಲಿ ಸ್ವಲ್ಪ ಮಾಲನ್ನೂ ಇಟ್ಟಿತ್ತು. ಇದರಿಂದ ಪ್ರಯೋಜನವಿಲ್ಲ. ವ್ಯಾಟ್ ನೋಂದಣಿ ತೆರಿಗೆಯ ಮಾತು. ಡಾಟ್ ಇಯು ಕೇಳುವುದು ಉದ್ಯಮ ಅಲ್ಲಿ ಸ್ಥಾಪಿತವಾಗಿದೆಯೇ ಎಂಬುದನ್ನು. ಬೇರೆಯವರ ಗೋದಾಮಿನಲ್ಲಿಟ್ಟ ಮಾಲು ಸ್ಥಾಪನೆಯಲ್ಲ.

ಎರಡನೆಯದು ಟ್ರೇಡ್‌ಮಾರ್ಕ್. ಇಲ್ಲಿ ಬೇರೆ ದೇಶಗಳ ನಿಯಮ ಓದಿದವರೇ ಹೆಚ್ಚು ಎಡವುತ್ತಾರೆ. ಆಸ್ಟ್ರೇಲಿಯಾದ ಡಾಟ್ ಎಯುಗೆ ಅಲ್ಲಿನ ಟ್ರೇಡ್‌ಮಾರ್ಕ್ ಇದ್ದರೆ ವಿದೇಶಿ ಕಂಪನಿಯೂ ಅರ್ಹ. 2021ರ ಏಪ್ರಿಲ್ 12ರ ನಿಯಮದ ನಂತರ ಹೆಸರು ಮಾತ್ರ ಮಾರ್ಕಿನ ಪದಗಳಿಗೆ ಅದೇ ಅನುಕ್ರಮದಲ್ಲಿ ತಾಳೆಯಾಗಬೇಕು. ಕೆನಡಾದ ಡಾಟ್ ಸಿಎಯಲ್ಲೂ ಟ್ರೇಡ್‌ಮಾರ್ಕಿನ ದಾರಿ ಇದೆ. ಡಾಟ್ ಇಯುನಲ್ಲಿ ಅಂಥ ದಾರಿ ಇಲ್ಲವೇ ಇಲ್ಲ. ಐರೋಪ್ಯ ಒಕ್ಕೂಟದ ಟ್ರೇಡ್‌ಮಾರ್ಕ್ ಪ್ರಮಾಣಪತ್ರ ಕೈಯಲ್ಲಿದ್ದರೂ ಮಾಲೀಕರು ಹೊರಗಿನವರಾದರೆ ಹೆಸರು ಸಿಗದು. ಒಂದು ದೇಶದ ಡೊಮೇನ್ ನಿಯಮವನ್ನು ಇನ್ನೊಂದಕ್ಕೆ ಅನ್ವಯಿಸಿ ಯೋಜನೆ ಮಾಡಬಾರದು. ಡಾಟ್ ಇನ್ ಕೊಳ್ಳಲು ಭಾರತದಲ್ಲಿ ವಾಸ ಬೇಕಿಲ್ಲ. ಅಮೆರಿಕದ ಡಾಟ್ ಯುಎಸ್‌ಗೆ ಪೌರತ್ವ, ಕಾಯಂ ವಾಸ ಅಥವಾ ಅಲ್ಲಿ ನಿಜವಾದ ಚಟುವಟಿಕೆ ಬೇಕು, ಜೊತೆಗೆ ನೋಂದಣಿದಾರರ ವಿವರ ಮುಚ್ಚಿಡುವ ಸೇವೆಗೆ ಅವಕಾಶವಿಲ್ಲ.

ಮೂರನೆಯದು ಒಕ್ಕೂಟದಲ್ಲಿ ಅಂಗಸಂಸ್ಥೆ ತೆರೆಯುವುದು. ಇದು ಸರಿಯಾದ ದಾರಿ, ಎಷ್ಟೋ ಕಂಪನಿಗಳು ಇದನ್ನೇ ಹಿಡಿದವು. ಎಸ್ಟೋನಿಯಾದ ಇ-ರೆಸಿಡೆನ್ಸಿ ಆಗ ಎಲ್ಲರ ಬಾಯಲ್ಲಿತ್ತು. ಗೊಂದಲವೂ ಅಲ್ಲೇ. ಇ-ರೆಸಿಡೆನ್ಸಿ ಕಾರ್ಡ್ ಡಿಜಿಟಲ್ ಗುರುತು, ವಾಸ್ತವ್ಯವಲ್ಲ; ಅದನ್ನು ತೋರಿಸಿ ವ್ಯಕ್ತಿಯಾಗಿ ಡಾಟ್ ಇಯು ಕೇಳಿದರೆ ಅರ್ಹತೆ ಬರುವುದಿಲ್ಲ. ಆ ಕಾರ್ಡ್ ಬಳಸಿ ಎಸ್ಟೋನಿಯಾದಲ್ಲಿ ಕಂಪನಿ ಸ್ಥಾಪಿಸಿ, ಆ ಕಂಪನಿಯ ಹೆಸರಿಗೆ ಡೊಮೇನ್ ಮಾಡಿಸಿದರೆ ಅರ್ಹತೆ ಬರುತ್ತದೆ. ಆಗಿನ ಕಾನೂನಿನಂತೆ ಷೇರು ಬಂಡವಾಳ ಕನಿಷ್ಠ 2,500 ಯೂರೋ, ಪಾವತಿಯನ್ನು ಮುಂದೂಡಬಹುದಿತ್ತು. ಅಲ್ಲಿ ಒಂದು ವಿಳಾಸ, ಸಂಪರ್ಕ ವ್ಯಕ್ತಿ ಬೇಕು. ವ್ಯವಹಾರ ನಡೆಯದಿದ್ದರೂ ಪ್ರತಿ ವರ್ಷ ವಾರ್ಷಿಕ ವರದಿ ಸಲ್ಲಿಸಬೇಕು. ವರದಿ ಸಲ್ಲಿಸದೆ ಕಂಪನಿ ರಿಜಿಸ್ಟರಿನಿಂದ ಹೊರಹೋದರೆ ಡೊಮೇನಿನ ಆಧಾರವೂ ಹೋಯಿತು. ಒಂದು ಹೆಸರಿಗಾಗಿ ಒಂದು ಕಂಪನಿ ಸಾಕುವುದು ಹನ್ನೊಂದು ಜನರ ಸಂಸ್ಥೆಗೆ ದುಬಾರಿ ಎಂದೇ ನಮ್ಮ ಅಭಿಪ್ರಾಯ. ಒಕ್ಕೂಟದಲ್ಲಿ ಬೇರೆ ಕಾರಣಕ್ಕೂ ಕಂಪನಿ ಬೇಕಿದ್ದವರ ಲೆಕ್ಕ ಬೇರೆ.

ನಾಲ್ಕನೆಯದು ಬಾಡಿಗೆಯ ವಿಳಾಸ. ಸ್ಥಳೀಯ ಉಪಸ್ಥಿತಿ ಸೇವೆ ಎಂಬ ಹೆಸರಿನಲ್ಲಿ ಕೆಲವು ಮಧ್ಯವರ್ತಿಗಳು ತಮ್ಮ ಹೆಸರನ್ನೇ ನೋಂದಣಿದಾರರಾಗಿ ಹಾಕಿಸಿ ವರ್ಷಕ್ಕಿಷ್ಟು ಎಂದು ಹಣ ಪಡೆಯುತ್ತಾರೆ. ರಿಜಿಸ್ಟ್ರಿಯ ಕಣ್ಣಿನಲ್ಲಿ ಹೆಸರು ಅವರದ್ದು. ಅವರು ದಿವಾಳಿಯಾದರೆ, ಜಗಳವಾಡಿದರೆ, ನಿಮ್ಮ ಕೈಯಲ್ಲಿರುವುದು ಒಂದು ಖಾಸಗಿ ಒಪ್ಪಂದ ಮಾತ್ರ. ಐರೋಪ್ಯ ನ್ಯಾಯಾಲಯ ಇಂಥದ್ದೊಂದು ಏರ್ಪಾಟನ್ನು ನೋಡಿದೆ: 2012ರ ಜುಲೈ 19ರ ಪೀ ಆಪ್ಟಿಕ್ ಪ್ರಕರಣ. ಡಾಟ್ ಇಯು ಮೊದಲು ತೆರೆದಾಗ ಹಳೆಯ ಹಕ್ಕುದಾರರಿಗೆ ಮತ್ತು ಅವರ ಲೈಸೆನ್ಸ್ ಪಡೆದವರಿಗೆ ಆದ್ಯತೆ ಇತ್ತು. ಅಮೆರಿಕದ ಕನ್ನಡಕ ಕಂಪನಿಯೊಂದರ ಪರವಾಗಿ ಬೆಲ್ಜಿಯಂನ ಬೌದ್ಧಿಕ ಆಸ್ತಿ ಸಲಹಾ ಸಂಸ್ಥೆಯೊಂದು ಲೆನ್ಸ್‌ವರ್ಲ್ಡ್ ಎಂಬ ಹೆಸರನ್ನು ತನ್ನ ಹೆಸರಿನಲ್ಲಿ ಪಡೆದಿತ್ತು. ಮಾರ್ಕನ್ನು ವ್ಯಾಪಾರದಲ್ಲಿ ಬಳಸುವ ಅಧಿಕಾರವಿಲ್ಲದೆ, ಹೊರಗಿನವರ ಪರವಾಗಿ ಡೊಮೇನ್ ನೋಂದಾಯಿಸಲಷ್ಟೇ ಒಪ್ಪಿಗೆ ಪಡೆದವರನ್ನು ಆ ನಿಯಮದ ಅರ್ಥದಲ್ಲಿ ಲೈಸೆನ್ಸ್‌ದಾರರೆನ್ನಲಾಗದು ಎಂದಿತು ನ್ಯಾಯಾಲಯ. ತೀರ್ಪು ಆದ್ಯತಾ ಅವಧಿಗೆ ಸೀಮಿತವಾದದ್ದು ನಿಜ. ಆದರೂ ಹೆಸರು ಕೊಡುವುದಕ್ಕಷ್ಟೇ ನಿಂತವರನ್ನು ನ್ಯಾಯಾಲಯ ಹೇಗೆ ನೋಡುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ.

ಸುಳ್ಳು ವಿಳಾಸದ ದಾರಿಯನ್ನು ವಿಚಾರಕ್ಕೂ ತೆಗೆದುಕೊಳ್ಳಬಾರದು. ಬ್ರೆಕ್ಸಿಟ್ ಪರ ಪ್ರಚಾರ ಮಾಡಿದ ಲೀವ್ ಡಾಟ್ ಇಯು ಗುಂಪಿನ ಡೊಮೇನಿನ ವಿಳಾಸ 2021ರ ಜನವರಿಯ ಹೊತ್ತಿಗೆ ಐರ್ಲೆಂಡಿಗೆ ಬದಲಾಗಿತ್ತು. ದಾಖಲೆಯಲ್ಲಿ ಹೆಸರಿದ್ದ ಅಲ್ಲಿನ ಉದ್ಯಮಿ ತನಗೂ ಗುಂಪಿಗೂ ಸಂಬಂಧವಿಲ್ಲ ಎಂದರು. ಅದೇ ತಿಂಗಳು ಆ ಹೆಸರು ಅಮಾನತಾಯಿತು.

ಆರಿಸಿದ ದಾರಿ, ಅದರಲ್ಲಿ ಆದ ತಪ್ಪು

ಉಳಿದದ್ದು ಐರಿಷ್ ನಿರ್ದೇಶಕರು. ಅವರು ಲೀಡ್ಸ್‌ನಲ್ಲಿದ್ದರೂ ಒಕ್ಕೂಟದ ಪ್ರಜೆ. 2019ರ ಬದಲಾವಣೆಯಿಂದ ವಾಸಸ್ಥಳ ಎಲ್ಲಿದ್ದರೂ ಅಡ್ಡಿಯಿಲ್ಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ: ಅರ್ಹತೆ ಸಿಗುವುದು ವ್ಯಕ್ತಿಗೆ. ನಿರ್ದೇಶಕರೊಬ್ಬರು ಐರಿಷ್ ಎಂಬ ಕಾರಣಕ್ಕೆ ಬ್ರಿಟಿಷ್ ಕಂಪನಿ ಅರ್ಹವಾಗುವುದಿಲ್ಲ. ಹಾಗಾಗಿ ನೋಂದಣಿದಾರರೇ ಬದಲಾಗಬೇಕು, ಕಂಪನಿಯಿಂದ ವ್ಯಕ್ತಿಗೆ. ಪೌರತ್ವ ಈಗಾಗಲೇ ಇರಬೇಕು, ಅರ್ಜಿ ಹಾಕಿ ಕಾಯುತ್ತಿರುವವರಿಗೆ ಸಲ್ಲದು. ಅಜ್ಜ ಅಜ್ಜಿಯ ಮೂಲಕ ಐರಿಷ್ ಪೌರತ್ವ ಪಡೆಯಬಯಸುವ ಬ್ರಿಟಿಷರು ಅಲ್ಲಿನ ವಿದೇಶಿ ಜನನ ರಿಜಿಸ್ಟರಿನಲ್ಲಿ ದಾಖಲಾದ ದಿನದಿಂದಷ್ಟೇ ಪ್ರಜೆಗಳು. ಅರ್ಜಿ ಕಳಿಸಿದ ದಿನದಿಂದಲ್ಲ.

ಡಿಸೆಂಬರ್ 22ರಂದು ಕಂಪನಿಯ ಆಫೀಸ್ ಮ್ಯಾನೇಜರ್ ರಿಜಿಸ್ಟ್ರಾರ್‌ನ ಕಂಟ್ರೋಲ್ ಪ್ಯಾನೆಲ್ ತೆರೆದು ವಿವರ ತಿದ್ದಿದರು. ಹೆಸರಿನ ಜಾಗದಲ್ಲಿ ಐರಿಷ್ ನಿರ್ದೇಶಕರ ಹೆಸರು, ದೇಶದ ಜಾಗದಲ್ಲಿ ಜಿಬಿ (ಬ್ರಿಟನ್), ಪೌರತ್ವದ ಜಾಗದಲ್ಲಿ ಐಇ (ಐರ್ಲೆಂಡ್). ಸಂಸ್ಥೆಯ ಹೆಸರಿನ ಜಾಗ ಹಾಗೇ ಉಳಿಯಿತು, ಕಂಪನಿಯ ಹೆಸರಿನೊಂದಿಗೆ. ಜನವರಿ 1ರಂದು ಡೊಮೇನ್ ಅಮಾನತಾಯಿತು.

ಡಾಟ್ ಇಯು ನೋಂದಣಿ ನೀತಿಯಲ್ಲಿ ಇದಕ್ಕೆ ನೇರ ಉತ್ತರವಿದೆ: ಸಂಸ್ಥೆಯ ಹೆಸರು ತುಂಬಿದ್ದರೆ ನೋಂದಣಿದಾರ ಆ ಸಂಸ್ಥೆಯೇ, ಆ ಜಾಗ ಖಾಲಿ ಇದ್ದರೆ ಮಾತ್ರ ವ್ಯಕ್ತಿ. ಹೆಸರಿನ ಜಾಗದಲ್ಲಿರುವವರು ಸಂಸ್ಥೆಯ ಪ್ರತಿನಿಧಿ ಎಂದಷ್ಟೇ ಲೆಕ್ಕ. ಹೀಗಾಗಿ ರಿಜಿಸ್ಟ್ರಿಗೆ ಕಂಡದ್ದು ಲೀಡ್ಸ್‌ನ ಕಂಪನಿ, ಅದಕ್ಕೆ ಐರಿಷ್ ಪೌರತ್ವದ ಸಂಕೇತ. ಕಂಪನಿಗೆ ಪೌರತ್ವ ಎಂಬುದೇ ಇಲ್ಲವಾದ್ದರಿಂದ ಆ ಸಂಕೇತ ನಿರರ್ಥಕ. ಒಕ್ಕೂಟದ ಪೌರತ್ವ ಇದ್ದೂ ಹೆಸರು ಕಳೆದುಕೊಳ್ಳುವಂತೆ ಮಾಡುವುದು ಈ ಒಂದು ಜಾಗ. ಡೊಮೇನ್ ಹೊಂದಿರುವ ಯಾರೇ ಆಗಲಿ ಇಂದೇ ತೆರೆದು ನೋಡಬೇಕಾದ ಜಾಗವೂ ಅದೇ.

ತಿದ್ದಲು ಹೋದರೆ ಇನ್ನೊಂದು ತೊಡಕು. ಈ ರಿಜಿಸ್ಟ್ರಾರ್‌ನ ಪ್ಯಾನೆಲ್ಲಿನಲ್ಲಿ ಸಂಸ್ಥೆ ಎಂದು ತೆರೆದ ಸಂಪರ್ಕ ದಾಖಲೆಯಲ್ಲಿ ಸಂಸ್ಥೆಯ ಹೆಸರು ಕಡ್ಡಾಯ, ಅಳಿಸಲು ಬಿಡುವುದಿಲ್ಲ. ವ್ಯಕ್ತಿ ಎಂಬ ಬಗೆಯ ಹೊಸ ದಾಖಲೆ ತೆರೆದು, ನೋಂದಣಿದಾರರ ಬದಲಾವಣೆಗೆ ಅರ್ಜಿ ಹಾಕಬೇಕು. ಅರ್ಜಿ ಹಾಕಿದ ಕೂಡಲೇ ಖಚಿತಪಡಿಸುವ ಕೊಂಡಿಯೊಂದು ಹಳೆಯ ನೋಂದಣಿದಾರರ ಇಮೇಲಿಗೆ ಹೋಗುತ್ತದೆ. ಆ ಇಮೇಲ್ ಇರುವುದು ಅಮಾನತಾದ ಡೊಮೇನಿನಲ್ಲೇ. ಅಂಚೆ ಬರುವುದಿಲ್ಲ, ಅಂಚೆ ಬರುವಂತೆ ಮಾಡಲು ಈ ಅಂಚೆಯೇ ಬೇಕು.

ಇದು ಬಿಡಿಸಿಕೊಂಡದ್ದು ಕಾಗದಪತ್ರದಿಂದ. ರಿಜಿಸ್ಟ್ರಾರ್‌ನ ಗ್ರಾಹಕ ವಿಭಾಗಕ್ಕೆ ಬೇರೆ ಡೊಮೇನಿನ ಇಮೇಲಿನಿಂದ ನಾಲ್ಕು ದಾಖಲೆ ಕಳಿಸಬೇಕಾಯಿತು: ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಪ್ರಮಾಣಪತ್ರ ಮತ್ತು ಈಗಿನ ನಿರ್ದೇಶಕರ ಪಟ್ಟಿ, ಇಬ್ಬರೂ ನಿರ್ದೇಶಕರು ಸಹಿ ಮಾಡಿದ ವರ್ಗಾವಣೆ ಪತ್ರ, ಐರಿಷ್ ಪಾಸ್‌ಪೋರ್ಟಿನ ಫೋಟೋ ಪುಟ, ಡೊಮೇನಿನ ಇತ್ತೀಚಿನ ನವೀಕರಣ ರಸೀದಿ. ಎರಡು ತಪ್ಪಿಗಾಗಿ ಅವು ವಾಪಸ್ ಬಂದವು. ಪತ್ರದಲ್ಲಿ ಡೊಮೇನ್ ಹೆಸರಿನ ಬದಲು ವೆಬ್‌ಸೈಟ್ ಎಂದಷ್ಟೇ ಬರೆದಿದ್ದರು; ಪಾಸ್‌ಪೋರ್ಟಿನಲ್ಲಿರುವ ಪೂರ್ಣ ಹೆಸರು ಅರ್ಜಿಯಲ್ಲಿ ಮೊಟಕಾಗಿತ್ತು. ಹೆಸರು ಅಕ್ಷರಕ್ಕಕ್ಷರ ತಾಳೆಯಾಗಬೇಕು. ಆಮೇಲೆ ರಿಜಿಸ್ಟ್ರಾರ್ ಹಳೆಯ ಇಮೇಲಿನ ಹಂತ ಬಿಟ್ಟು ಹೊಸ ದಾಖಲೆ ಕೂರಿಸಿದರು. ಸಂಸ್ಥೆಯ ಜಾಗ ಖಾಲಿ, ವಾಸದ ದೇಶ ಜಿಬಿ, ಪೌರತ್ವ ಐಇ. ಡೊಮೇನ್ ಚಾಲ್ತಿಗೆ ಮರಳಿತು.

ಹೊಸ ನೋಂದಣಿದಾರರ ಇಮೇಲನ್ನು ಈ ಸಲ ಬೇರೊಂದು ಸೇವೆಯಲ್ಲಿ ತೆರೆದರು. ಯಾವ ಡೊಮೇನಿನದ್ದೇ ಆಗಲಿ, ಅದರ ಸಂಪರ್ಕ ಇಮೇಲ್ ಅದೇ ಡೊಮೇನಿನಲ್ಲಿ ಇರಕೂಡದು.

ಅಮಾನತಿನ ದಿನಗಳಲ್ಲಿ ಏನೇನು ಸತ್ತಿತು

ಅಮಾನತು ಎಂದರೆ ರಿಜಿಸ್ಟ್ರಿ ಆ ಹೆಸರನ್ನು ಡಾಟ್ ಇಯು ವಲಯ ಕಡತದಿಂದ, ಅಂದರೆ ಯಾವ ಹೆಸರನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಪಟ್ಟಿಯಿಂದ, ತೆಗೆಯುತ್ತದೆ. ನಿಮ್ಮ ಸರ್ವರ್ ಓಡುತ್ತಲೇ ಇರುತ್ತದೆ, ಹೆಸರನ್ನು ಸರ್ವರಿಗೆ ಜೋಡಿಸುವ ಡಿಎನ್‌ಎಸ್ ದಾಖಲೆಗಳೂ ಸರಿಯಾಗಿಯೇ ಇರುತ್ತವೆ. ಅಲ್ಲಿಗೆ ದಾರಿ ತೋರಿಸುವವರು ಮಾತ್ರ ಇರುವುದಿಲ್ಲ. ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಹಳೆಯ ಉತ್ತರ ಇರುವವರೆಗೆ ಕೆಲವರಿಗೆ ಸೈಟ್ ಕಾಣುತ್ತದೆ, ಕೆಲವರಿಗೆ ಕಾಣುವುದಿಲ್ಲ. ಮೊದಲ ದಿನ ಇದರಿಂದ ಹುಟ್ಟುವ ಗೊಂದಲ ದೊಡ್ಡದು. ಹೋಸ್ಟಿಂಗ್‌ನವರಿಗೆ ಫೋನು ಮಾಡಿ ಹೊತ್ತು ಕಳೆಯುವ ಬದಲು ಡೊಮೇನ್ ವಿವರ ತೋರಿಸುವ ಯೂರಿಡ್‌ನ ಹೂಈಸ್ ಪುಟದಲ್ಲಿ ಹೆಸರಿನ ಸ್ಥಿತಿ ನೋಡಿದರೆ ವಿಷಯ ಅಲ್ಲೇ ತಿಳಿಯುತ್ತದೆ.

ಅಂಚೆಯ ಹಾನಿ ವೆಬ್‌ಸೈಟಿನದಕ್ಕಿಂತ ಹೆಚ್ಚು. ಸರ್ವರ್ ಕೆಟ್ಟು ನಿಂತರೆ ಕಳಿಸುವವರ ಸರ್ವರ್ ಪತ್ರವನ್ನು ಸರತಿಯಲ್ಲಿಟ್ಟು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಡೊಮೇನೇ ಇಲ್ಲ ಎಂಬ ಉತ್ತರ ಬಂದರೆ ಹಾಗಲ್ಲ. ಅದು ಶಾಶ್ವತ ದೋಷ, ಪತ್ರ ಕೂಡಲೇ ವಾಪಸ್. ಆ ದಿನಗಳಲ್ಲಿ ಗ್ರಾಹಕರು ಕಳಿಸಿದ ಆರ್ಡರುಗಳು ಡೊಮೇನ್ ಮರಳಿದ ಮೇಲೂ ಬರುವುದಿಲ್ಲ, ಅವರೇ ಮತ್ತೆ ಕಳಿಸಬೇಕು. ಹೊರಹೋಗುವ ಪತ್ರಕ್ಕೂ ಪೆಟ್ಟು: ಕಳಿಸಿದವರ ಡೊಮೇನ್ ಅಸ್ತಿತ್ವದಲ್ಲೇ ಇಲ್ಲವೆಂದು ಎದುರಿನ ಸರ್ವರ್ ತಿರಸ್ಕರಿಸುತ್ತದೆ. ಇದರ ಜೊತೆಗೆ ಬ್ಯಾಂಕ್, ಪಾವತಿ ಗೇಟ್‌ವೇ, ಕೊರಿಯರ್, ತೆರಿಗೆ ಇಲಾಖೆಯ ಖಾತೆಗಳಿಗೆ ಬರುವ ಒಂದು ಸಲದ ಕೋಡುಗಳೂ ನಿಲ್ಲುತ್ತವೆ. ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯ 90 ದಿನಗಳದ್ದಾಗಿದ್ದು ನವೀಕರಣದ ಸಮಯ ಅಮಾನತಿನ ಮಧ್ಯೆ ಬಿದ್ದರೆ, ಡೊಮೇನ್ ಪರಿಶೀಲನೆ ನಡೆಯದೆ ಅದೂ ತಪ್ಪುತ್ತದೆ. ಹೆಸರು ಮರಳಿದ ದಿನ ಮೊದಲು ಮಾಡಬೇಕಾದದ್ದು ಈ ನವೀಕರಣವನ್ನು ಕೈಯಾರೆ ಓಡಿಸುವುದು.

ಉಳಿಸಿಕೊಂಡ ಮೇಲೂ ಹೊರಡಬೇಕು

ಹೆಸರು ಮರಳಿತು, ಇನ್ನು ಎಂದಿನಂತೆ ನಡೆಸೋಣ ಎಂಬ ತೀರ್ಮಾನ ನಮಗೆ ಸರಿ ಕಾಣುವುದಿಲ್ಲ. ಇಡೀ ವ್ಯಾಪಾರ ಈಗ ಒಬ್ಬ ವ್ಯಕ್ತಿಯ ಪೌರತ್ವದ ಮೇಲೆ ನಿಂತಿದೆ. ಅವರು ಕಂಪನಿ ಬಿಡಬಹುದು, ತೀರಿಕೊಳ್ಳಬಹುದು. ಆದ್ದರಿಂದ ಡಾಟ್ ಇಯು ಉಳಿಸಿಕೊಂಡದ್ದನ್ನು ಬೇರೆ ಹೆಸರಿಗೆ ನಿಧಾನವಾಗಿ ಸಾಗಲು ಸಿಕ್ಕ ಕಾಲಾವಕಾಶ ಎಂದು ಬಳಸಬೇಕು. ವಾಸದ ನಿಯಮವಿಲ್ಲದ ಡಾಟ್ ಕಾಮ್ ಹೆಸರೊಂದನ್ನು ಕಂಪನಿಯ ಹೆಸರಿನಲ್ಲಿ ಕೊಂಡು ಕೆಲಸ ಶುರು ಮಾಡುವುದು.

ಸೈಟಿನಲ್ಲಿ ಪ್ರತಿ ಹಳೆಯ ಪುಟದಿಂದ ಅದಕ್ಕೆ ಸರಿಹೊಂದುವ ಹೊಸ ಪುಟಕ್ಕೆ 301 ಮರುನಿರ್ದೇಶನ (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಸೂಚನೆ) ಕೊಡಬೇಕು. ಎಲ್ಲವನ್ನೂ ಮುಖಪುಟಕ್ಕೆ ಕಳಿಸಿದರೆ ಬಿಡಿಭಾಗದ ನಂಬರ್ ಹುಡುಕಿ ಬಂದವರು ದಿಕ್ಕುತಪ್ಪುತ್ತಾರೆ, ಹುಡುಕಾಟದ ಸ್ಥಾನವೂ ಬೀಳುತ್ತದೆ. ಸೈಟ್ ಮಾಲೀಕರಿಗೆಂದು ಇರುವ ಗೂಗಲ್ ಸರ್ಚ್ ಕನ್ಸೋಲ್‌ನ ವಿಳಾಸ ಬದಲಾವಣೆ ಉಪಕರಣಕ್ಕೆ ಹಳೆಯ ಮತ್ತು ಹೊಸ ಎರಡೂ ಹೆಸರುಗಳ ಒಡೆತನ ಸಾಬೀತಾಗಿರಬೇಕು. ಮರುನಿರ್ದೇಶನ ಕನಿಷ್ಠ 180 ದಿನ ಇರಲಿ, ಸಾಧ್ಯವಾದರೆ ಒಂದು ವರ್ಷ, ಎನ್ನುತ್ತದೆ ಗೂಗಲ್. ಅಂದರೆ ಇದೆಲ್ಲ ಹಳೆಯ ಡೊಮೇನ್ ಜೀವಂತ ಇದ್ದರೆ ಮಾತ್ರ ಆಗುವ ಕೆಲಸ. ಅಕ್ಟೋಬರ್ 1ರ ನೋಟಿಸ್ ಕಂಡ ದಿನವೇ ಶುರುಮಾಡಿದವರಿಗೂ ಅಮಾನತಿಗೆ ಮುಂಚೆ ಸಿಕ್ಕಿದ್ದು 92 ದಿನ. ಅರ್ಹ ನೋಂದಣಿದಾರರನ್ನು ಹುಡುಕದೆ ಬರೀ ಹೊಸ ಹೆಸರಿಗೆ ಹೋದವರು ಮರುನಿರ್ದೇಶನವನ್ನು ಅರ್ಧದಲ್ಲೇ ಕಳೆದುಕೊಂಡರು.

ಇಮೇಲಿಗೆ ಹೊಸ ಡೊಮೇನನ್ನು ಮೊದಲು ಅದೇ ಖಾತೆಗೆ ಸೇರಿಸಿ, ಹನ್ನೊಂದು ಪೆಟ್ಟಿಗೆಗಳಿಗೂ ಹೊಸ ವಿಳಾಸವನ್ನು ಮುಖ್ಯವಾಗಿ, ಹಳೆಯದನ್ನು ಅಡ್ಡಹೆಸರಾಗಿ ಇಡಬೇಕು. ಹೊಸ ಹೆಸರಿಗೆ, ಪತ್ರ ನಿಜವಾಗಿ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಹಾಕಿ, ಆ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಅನ್ನು ಮೊದಲು ವರದಿ ಮಾತ್ರ ಪಡೆಯುವ ಸ್ಥಿತಿಯಲ್ಲಿಟ್ಟು ಕೆಲವು ವಾರ ನೋಡಬೇಕು. ಹೊಸ ಡೊಮೇನಿಗೆ ಅಂಚೆಯ ಲೋಕದಲ್ಲಿ ಇನ್ನೂ ಹೆಸರು ಬಂದಿರುವುದಿಲ್ಲ, ಮೊದಲ ದಿನವೇ ಎಲ್ಲ ಗ್ರಾಹಕರಿಗೆ ಒಟ್ಟಿಗೆ ಪತ್ರ ಕಳಿಸಿದರೆ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಹೊರಗಿನ ಖಾತೆಗಳ ಪಟ್ಟಿ ಮಾಡಲು ಒಳ್ಳೆಯ ಉಪಾಯ: ಹಳೆಯ ಪೆಟ್ಟಿಗೆಗಳಲ್ಲಿ ಪಾಸ್‌ವರ್ಡ್, ವೆರಿಫಿಕೇಶನ್, ಇನ್‌ವಾಯ್ಸ್ ಎಂಬ ಪದಗಳನ್ನು ಹುಡುಕಿ, ಕಳಿಸಿದವರ ಹೆಸರುಗಳನ್ನು ಒಂದು ಹಾಳೆಗೆ ಇಳಿಸುವುದು. ನೆನಪಿನಿಂದ ಮಾಡಿದ ಪಟ್ಟಿ ಯಾವಾಗಲೂ ಅಪೂರ್ಣ.

ನಿರ್ದೇಶಕರ ಜೊತೆಗಿನ ಒಪ್ಪಂದ

ಡೊಮೇನ್ ಈಗ ಕಾನೂನಿನಂತೆ ಒಬ್ಬ ವ್ಯಕ್ತಿಯದ್ದು. ಇದನ್ನು ಕಾಗದದಲ್ಲಿ ಹೇಗೆ ಬರೆಯುತ್ತೀರಿ ಎಂಬುದರ ಮೇಲೆ ಬಹಳ ನಿಂತಿದೆ. ಹೆಸರು ಕಂಪನಿಯದ್ದೇ, ನಿರ್ದೇಶಕರು ಹೆಸರಿಗಷ್ಟೇ ಎಂದು ಬರೆದರೆ ಬಾಡಿಗೆಯ ವಿಳಾಸಕ್ಕೂ ಇದಕ್ಕೂ ವ್ಯತ್ಯಾಸ ಉಳಿಯದು. ಒಡೆತನ ನಿಜವಾಗಿಯೂ ನಿರ್ದೇಶಕರಿಗೆ ಹೋಗಲಿ, ಬಳಸುವ ಲೈಸೆನ್ಸನ್ನು ಅವರು ಕಂಪನಿಗೆ ಕೊಡಲಿ. ಕಂಪನಿಯ ಆಸ್ತಿ ನಿರ್ದೇಶಕರ ಕೈಗೆ ಹೋಗುವುದರಿಂದ ಮಂಡಳಿಯ ನಿರ್ಣಯವೂ ಅಕೌಂಟೆಂಟರ ಸಲಹೆಯೂ ಬೇಕು. ಲೈಸೆನ್ಸಿನಲ್ಲಿ ಇರಬೇಕಾದವು: ನವೀಕರಣ ಶುಲ್ಕ ಯಾರು ಕಟ್ಟುತ್ತಾರೆ, ರಿಜಿಸ್ಟ್ರಾರ್ ಖಾತೆಯ ಎರಡನೇ ಪ್ರವೇಶ ಯಾರ ಬಳಿ ಇರುತ್ತದೆ, ನಿರ್ದೇಶಕರು ಕಂಪನಿ ಬಿಟ್ಟರೆ ಕನಿಷ್ಠ ಹನ್ನೆರಡು ತಿಂಗಳು ಲೈಸೆನ್ಸ್ ಮುಂದುವರಿಯಬೇಕು, ಆ ಅವಧಿಯಲ್ಲಿ ಕಂಪನಿ ತೋರಿಸಿದ ಇನ್ನೊಬ್ಬ ಅರ್ಹರಿಗೆ ಅವರು ಹೆಸರನ್ನು ವರ್ಗಾಯಿಸಬೇಕು, ಅವರು ತೀರಿಕೊಂಡರೆ ವಾರಸುದಾರರು ಯಾರನ್ನು ಸಂಪರ್ಕಿಸಬೇಕು.

ಕೊನೆಯದು ಹೆಸರನ್ನು ಬಿಡುವ ಬಗೆ. 2022ರ ಜನವರಿಯಲ್ಲಿ ಬ್ರಿಟಿಷರ ಹಳೆಯ ಹೆಸರುಗಳು ಬಿಡುಗಡೆಯಾದಾಗ ಅವನ್ನು ಯಾವ ಅರ್ಹರು ಬೇಕಾದರೂ ಕೊಳ್ಳಬಹುದಿತ್ತು. ಕೊಂಡವರು ಆ ಡೊಮೇನಿನ ಎಲ್ಲ ವಿಳಾಸಗಳಿಗೂ ಬರುವ ಅಂಚೆಯನ್ನು ಒಂದೇ ಪೆಟ್ಟಿಗೆಗೆ ತಿರುಗಿಸಿಕೊಳ್ಳಬಲ್ಲರು. ಯಾವುದೋ ಮರೆತ ಖಾತೆಯ ಪಾಸ್‌ವರ್ಡ್ ಬದಲಾವಣೆ ಕೊಂಡಿ, ಹಳೆಯ ಗ್ರಾಹಕರ ಪಾವತಿ ವಿವರ, ಎಲ್ಲವೂ ಅಪರಿಚಿತರ ಕೈಗೆ ಹೋಗುತ್ತದೆ. ಹಾಗಾಗಿ ಬಿಡುವ ಮುಂಚೆ ಹಳೆಯ ವಿಳಾಸಗಳಿಗೆ ಇನ್ನೂ ಎಷ್ಟು ಅಂಚೆ ಬರುತ್ತಿದೆ ಎಂಬುದನ್ನು ಸರ್ವರ್ ಲಾಗಿನಲ್ಲಿ ತಿಂಗಳು ತಿಂಗಳು ನೋಡಬೇಕು. ಕಳಿಸುವವರು ಬರೀ ಸ್ಪ್ಯಾಮಿನವರು ಎನ್ನುವ ಹಂತಕ್ಕೆ ಬಂದ ಮೇಲೂ ಒಂದು ನವೀಕರಣ ಹೆಚ್ಚಿಗೆ ಕಟ್ಟಿ, ಆ ವರ್ಷ ಪೂರ್ತಿ ಹಳೆಯ ವಿಳಾಸಗಳಿಂದ ವಿಳಾಸ ಬದಲಾಗಿದೆ ಎಂಬ ಸ್ವಯಂಚಾಲಿತ ಉತ್ತರ ಮಾತ್ರ ಹೋಗುವಂತೆ ಇಡುವುದು. ಪಟ್ಟಿಯಲ್ಲಿರುವ ಪ್ರತಿ ಹೊರಗಿನ ಖಾತೆಗೂ ಲಾಗಿನ್ ಆಗಿ ಹಳೆಯ ಇಮೇಲ್ ತೆಗೆದದ್ದನ್ನು ಖಚಿತಪಡಿಸಿಕೊಂಡ ನಂತರವೇ ನವೀಕರಣ ನಿಲ್ಲಿಸುವುದು.